ಕಣದಿಂದ ಹಿಂದೆ ಸರಿದವರು

ಅಮೆರಿಕದ ಅಧ್ಯಕ್ಷ ಚುನಾವಣೆ ಎಂದರೆ ನವೆಂಬರಿನಲ್ಲಿ ಗೆದ್ದವರ ಹೆಸರೊಂದೇ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಆದರೆ ಅದಕ್ಕೆ ಮೊದಲೇ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳ ಒಳಗೆ ಒಂದೊಂದು ಚುನಾವಣೆ ನಡೆದುಹೋಗಿರುತ್ತದೆ. ಅದೇ ಪ್ರೈಮರಿ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಬೇರೆ ಬೇರೆ ರಾಜ್ಯದವರು ಬೇರೆ ಬೇರೆ ದಿನ ಮತ ಹಾಕುತ್ತಾರೆ, ಕೆಲವು ದಿನ ಹಲವು ರಾಜ್ಯಗಳು ಒಟ್ಟಿಗೆ. ವರ್ಷದ ಮೊದಲಿಗೆ ಶುರುವಾದದ್ದು ಜೂನ್ ತನಕ ನಡೆಯುತ್ತದೆ. ಅಷ್ಟರಲ್ಲಿ ಹೆಚ್ಚಿನವರು ಕಣ ಬಿಟ್ಟಿರುತ್ತಾರೆ. ಯಾರು, ಯಾವ ದಿನ ಹಿಂದೆ ಸರಿದರು ಎಂಬುದರ ಮೇಲೆಯೇ ಎಷ್ಟೋ ಸಲ ಫಲಿತಾಂಶ ನಿಂತಿದೆ.

ಮೊದಮೊದಲು ಈ ಪ್ರೈಮರಿಗಳಿಗೆ ಅಷ್ಟು ತೂಕವಿರಲಿಲ್ಲ. 1952ರಲ್ಲಿ ಡೆಮಾಕ್ರಟಿಕ್ ಪಕ್ಷದ ಎಸ್ಟಿಸ್ ಕೆಫಾವರ್ ನ್ಯೂ ಹ್ಯಾಂಪ್‌ಶೈರಿನಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್ ಅವರನ್ನೇ ಸೋಲಿಸಿದರು. ಅದೇ ತಿಂಗಳು ಟ್ರೂಮನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಸಾರಿದರು. ಕೆಫಾವರ್ ಮುಂದೆಯೂ ಗೆಲ್ಲುತ್ತಲೇ ಹೋದರು, 15 ಪ್ರೈಮರಿಗಳಲ್ಲಿ 12 ಅವರ ಪಾಲಾದವು. ಆದರೂ ಪಕ್ಷದ ಮಹಾಧಿವೇಶನ ಆರಿಸಿದ್ದು ಒಂದರಲ್ಲೂ ಪ್ರಚಾರ ಮಾಡದ ಆಡ್ಲಾಯ್ ಸ್ಟೀವನ್ಸನ್ ಅವರನ್ನು. ಟಿಕೆಟ್ ಹಂಚುವುದು ಆಗ ಪಕ್ಷದ ನಾಯಕರ ಕೈಯಲ್ಲಿತ್ತು.

ಜನರ ಮುಂದೆ ಸೋತು ಹಿಂದೆ ಸರಿಯುವುದು ಹೇಗಿರುತ್ತದೆ ಎಂದು ತೋರಿಸಿದ್ದು 1960ರಲ್ಲಿ ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಪ್ರೈಮರಿ. ಒಂದು ಕಡೆ ಸಿರಿವಂತರ ಮನೆಯ ಜಾನ್ ಕೆನಡಿ, ಸ್ವಂತ ವಿಮಾನದಲ್ಲಿ ಓಡಾಡುವವರು. ಇನ್ನೊಂದು ಕಡೆ ಔಷಧಿ ಅಂಗಡಿಯವರ ಮಗ, ಮಿನ್ನೆಸೋಟಾದ ಹ್ಯೂಬರ್ಟ್ ಹಂಫ್ರಿ, ಬಸ್ಸಿನಲ್ಲಿ ಊರೂರು ಸುತ್ತುವವರು. ಪ್ರಚಾರದ ಕೊನೆಗೆ ಅರ್ಧ ಗಂಟೆಯ ಟಿವಿ ಕಾರ್ಯಕ್ರಮಕ್ಕೆ ಹಂಫ್ರಿ ತಮ್ಮ ಸ್ವಂತ ಖಾತೆಯಿಂದ ಚೆಕ್ ಬರೆಯಬೇಕಾಯಿತು. ಮೇಜಿನ ಮೇಲೆ ಫೋನ್ ಇಟ್ಟುಕೊಂಡು, ಬಂದ ಕರೆಗಳನ್ನೆಲ್ಲ ನೇರ ಪ್ರಸಾರದಲ್ಲೇ ತೆಗೆದುಕೊಂಡರು. ಕರೆಗಳನ್ನು ಸೋಸಿ ಕೊಡಲು ಆಳಿಗೆ ಎಲ್ಲಿಂದ ತರುವುದು ದುಡ್ಡು? ಹೆಂಗಸೊಬ್ಬರು ಕರೆ ಮಾಡಿ, ನಮ್ಮ ರಾಜ್ಯ ಬಿಟ್ಟು ಹೊರಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹಂಫ್ರಿ ಅದನ್ನೂ ಕೇಳಿಸಿಕೊಂಡು ಕೂತಿರಬೇಕಾಯಿತು. ಮೇ 10ರಂದು ಮತ ಎಣಿಕೆಯಾದಾಗ ಕೆನಡಿಗೆ ಶೇಕಡಾ 60ರಷ್ಟು ಮತ. ಅದೇ ರಾತ್ರಿ ಹಂಫ್ರಿ ಕಣದಿಂದ ಹಿಂದೆ ಸರಿದರು.

ಎಂಟು ವರ್ಷ ಬಿಟ್ಟು, 1968ರ ಮಾರ್ಚ್ 31ರ ರಾತ್ರಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಿಯೆಟ್ನಾಂ ಯುದ್ಧದ ಬಗ್ಗೆ ಟಿವಿಯಲ್ಲಿ ಮಾತಾಡುತ್ತಿದ್ದರು. ಭಾಷಣದ ಕೊನೆಯಲ್ಲಿ, ಪಕ್ಷ ಕರೆದರೂ ತಾವು ಮತ್ತೆ ಅಭ್ಯರ್ಥಿಯಾಗುವುದಿಲ್ಲ ಎಂದುಬಿಟ್ಟರು. ನ್ಯೂ ಹ್ಯಾಂಪ್‌ಶೈರಿನಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ ಶೇಕಡಾ 42 ಮತ ಪಡೆದಿದ್ದರು, ರಾಬರ್ಟ್ ಕೆನಡಿಯೂ ಕಣಕ್ಕೆ ಇಳಿದಿದ್ದರು. ಜೂನಿನಲ್ಲಿ ಕೆನಡಿ ಗುಂಡಿಗೆ ಬಲಿಯಾದರು. ಕೊನೆಗೆ ಟಿಕೆಟ್ ಸಿಕ್ಕಿದ್ದು ಯಾರಿಗೆ? ಅದೇ ಹಂಫ್ರಿಗೆ, ಆ ವರ್ಷ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ. ಶಿಕಾಗೋದ ಅಧಿವೇಶನದ ಹೊರಗೆ ಪ್ರತಿಭಟನಕಾರರ ಮೇಲೆ ಪೊಲೀಸರ ಲಾಠಿಗಳು ಬೀಸುತ್ತಿದ್ದವು. ಜನ ಮತ ಹಾಕಿದ್ದಕ್ಕೂ ನಾಯಕರು ಆರಿಸಿದ್ದಕ್ಕೂ ಸಂಬಂಧವೇ ಇಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಪಕ್ಷ ಸಮಿತಿ ರಚಿಸಿ ನಿಯಮ ಬದಲಿಸಿತು, 1972ರಿಂದ ಮತದಾರರ ಮಾತೇ ಮೇಲಾಯಿತು.

ಅಧಿಕಾರ ಮತದಾರರಿಗೆ ಬಂತು, ನಿಜ. ಆದರೆ ಎಲ್ಲ ಮತದಾರರಿಗೂ ಬರಲಿಲ್ಲ. ಬಹುಕಾಲ ಮೊದಲು ಮತ ಹಾಕುತ್ತ ಬಂದ ಅಯೋವಾ, ನ್ಯೂ ಹ್ಯಾಂಪ್‌ಶೈರಿನಂಥ ಸಣ್ಣ ರಾಜ್ಯಗಳಲ್ಲಿ ಎಡವಿದವರಿಗೆ ಮರುದಿನದಿಂದಲೇ ದೇಣಿಗೆ ನಿಂತುಹೋಗುತ್ತದೆ. ಕಾನೂನೂ ಇದಕ್ಕೆ ಜೊತೆಗೂಡಿತು. ಚುನಾವಣಾ ಹಣಕಾಸು ಕಾನೂನಿನ 1974ರ ತಿದ್ದುಪಡಿಯ ಪ್ರಕಾರ 250 ಡಾಲರ್ ತನಕದ ದೇಣಿಗೆಗೆ ಸರ್ಕಾರವೂ ಅಷ್ಟೇ ಹಣ ಸೇರಿಸುತ್ತದೆ. ಸತತ ಎರಡು ಪ್ರೈಮರಿಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಮತ ಬಂದರೆ ಆ ನೆರವಿಗೂ ಕತ್ತರಿ. ಗೆದ್ದವರಿಗೂ ಸುಖವಿಲ್ಲ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ಗೆದ್ದ ಪಾಲ್ ಸಾಂಗಸ್, ಕೈಯಲ್ಲಿ ಹಣವಿಲ್ಲದೆ ಒಂದೇ ತಿಂಗಳಿಗೆ ಪ್ರಚಾರ ನಿಲ್ಲಿಸಿದರು. ಅವರು ದಾರಿ ಬಿಟ್ಟದ್ದು ಬಿಲ್ ಕ್ಲಿಂಟನ್‌ಗೆ. 2016ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ 17 ಮಂದಿ ಇದ್ದರು. ಭಾರತೀಯ ಮೂಲದ ಬಾಬಿ ಜಿಂದಾಲ್ ಸೇರಿ ಕೆಲವರು ಒಂದು ಮತವೂ ಬೀಳುವ ಮುಂಚೆಯೇ ಹೊರಟುಹೋದರು. ಉಳಿದವರು ಬಹಳ ದಿನ ಬಿಡದೆ ಒಬ್ಬರ ಮತ ಒಬ್ಬರು ಒಡೆದರು, ಟ್ರಂಪ್ ಮುಂದೆ ಸಾಗಿದರು.

2020ರಲ್ಲಿ ಡೆಮಾಕ್ರಟರು ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು. ಫೆಬ್ರವರಿ 29ರಂದು ಜೋ ಬೈಡನ್ ಸೌತ್ ಕ್ಯಾರೊಲಿನಾ ಗೆದ್ದರು. ಮರುದಿನವೇ ಪೀಟ್ ಬೂಟಿಜೆಜ್, ಅದರ ಮರುದಿನ ಏಮಿ ಕ್ಲೋಬಷಾರ್ ಹಿಂದೆ ಸರಿದರು. ಆ ಸಂಜೆ ಇಬ್ಬರೂ ಡಲ್ಲಾಸಿಗೆ ಬಂದು ಬೈಡನ್‌ಗೆ ಬೆಂಬಲ ಸಾರಿದರು. ಮಾರ್ಚ್ 3ರಂದು ಮತದಾನ ನಡೆದ 14 ರಾಜ್ಯಗಳಲ್ಲಿ 10 ಬೈಡನ್‌ಗೆ ಬಂದವು. ಮೂರೇ ದಿನದಲ್ಲಿ ಸ್ಪರ್ಧೆಯ ದಿಕ್ಕು ಬದಲಾಯಿತು.

ಅದೇ ಸ್ಪರ್ಧೆಯಿಂದ ಕಮಲಾ ಹ್ಯಾರಿಸ್ 2019ರ ಡಿಸೆಂಬರಿನಲ್ಲೇ ಹಣವಿಲ್ಲವೆಂದು ಹೊರನಡೆದಿದ್ದರು. 2024ರ ಜುಲೈನಲ್ಲಿ, ಪ್ರೈಮರಿಗಳೆಲ್ಲ ಮುಗಿದ ಮೇಲೆ, ಬೈಡನ್ ಹಿಂದೆ ಸರಿದಾಗ ಹ್ಯಾರಿಸ್ ಅವರೇ ಅಭ್ಯರ್ಥಿಯಾದರು. 1968ರ ಹಂಫ್ರಿಯ ಹಾಗೆ, ಆ ವರ್ಷದ ಯಾವ ಪ್ರೈಮರಿಯಲ್ಲೂ ನಿಲ್ಲದೆ.

ನನ್ನನ್ನು ಕಾಡುವುದು 2020ರ ಮಾರ್ಚ್ 3ರ ಇನ್ನೊಂದು ಸಂಗತಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ವಾರಗಳ ಮೊದಲೇ ಅಂಚೆಯಲ್ಲಿ ಮತ ಕಳಿಸಬಹುದು. ಬೂಟಿಜೆಜ್, ಕ್ಲೋಬಷಾರ್ ಅವರನ್ನು ಮೆಚ್ಚಿ ಹಾಗೆ ಕಳಿಸಿದವರ ಮತ ಎಣಿಕೆಯ ಹೊತ್ತಿಗೆ ಕಣದಲ್ಲಿಲ್ಲದವರ ಹೆಸರಿಗೆ ಬಿತ್ತು. ಅದನ್ನು ಹಿಂತೆಗೆದುಕೊಳ್ಳುವ ದಾರಿಯಿಲ್ಲ. ಅವಸರವಿಲ್ಲದೆ ಯೋಚಿಸಿ, ಮುಂಚಿತವಾಗಿ ಕರ್ತವ್ಯ ಮಾಡಿದವರಿಗೇ ಈ ನಷ್ಟ.

ಇದಕ್ಕೆ ಪರಿಹಾರವೂ ಅದೇ ವರ್ಷ ಕಾಣಿಸಿತು. ಅಲಾಸ್ಕಾ, ಹವಾಯಿ, ಕಾನ್ಸಾಸ್, ವಯೋಮಿಂಗ್ ರಾಜ್ಯಗಳ ಡೆಮಾಕ್ರಟರು ಮತಪತ್ರದಲ್ಲಿ ಒಂದು, ಎರಡು, ಮೂರು ಎಂದು ಆಯ್ಕೆಯ ಕ್ರಮ ಬರೆಯಲು ಅವಕಾಶ ಕೊಟ್ಟರು. ಮೊದಲ ಆಯ್ಕೆಯವರಿಗೆ ಬೇಕಾದಷ್ಟು ಮತ ಬಾರದಿದ್ದರೆ ಆ ಮತ ಎರಡನೆಯವರಿಗೆ ಹೋಗುತ್ತದೆ. ಮುಂಚೆಯೇ ಮತ ಕಳಿಸಲು ಬಿಡುವ ಪ್ರತಿಯೊಂದು ರಾಜ್ಯವೂ ಈ ಪದ್ಧತಿಯನ್ನು ತರಬೇಕು, ಮುಂದಿನ ಪ್ರೈಮರಿಗಳಿಗೆ ಮೊದಲೇ ತರಬೇಕು.