“ಯಾರೋ ನನ್ನ ಬೆನ್ನ ಹತ್ಯಾರ್ರಿ” ಎಂದಾಗ ನಾವೇನು ಮಾಡಬೇಕು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಿಂದ ಹೊಲ-ಮನೆ ಕೆಲಸ ಬಿಟ್ಟು ಬಂದಿದ್ದೀರಿ. ಉಳಿತಾಯ, ಸಾಲ, ಬಡ್ಡಿ ಇವುಗಳ ಬಗ್ಗೆ ನಾವು ಪ್ರತಿ ಸಲ ಮಾತನಾಡುತ್ತೇವೆ. ಇವತ್ತು ಲೆಕ್ಕದ ಪುಸ್ತಕದಲ್ಲಿ ಬರೆಯದ ಒಂದು ವಿಷಯ ಮಾತಾಡೋಣ. ಅದು ಹೆದರಿಕೆ.

ಕೆಲವು ವರ್ಷಗಳ ಹಿಂದೆ ಒಂದೇ ತಿಂಗಳಲ್ಲಿ ಇಬ್ಬರು ಹೆಣ್ಣುಮಕ್ಕಳು ನನ್ನ ಹತ್ತಿರ ಬಂದರು. ಗುರುತು ಸಿಗಬಾರದೆಂದು ಹೆಸರು, ಊರು ಹೇಳುವುದಿಲ್ಲ. ಇಬ್ಬರದೂ ಒಂದೇ ಮಾತು: “ಸಿಸ್ಟರ್, ಯಾರೋ ನನ್ನ ಬೆನ್ನ ಹತ್ಯಾರ್ರಿ.”

ಮೊದಲನೆಯವಳು ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ಸಮಾಧಾನದಿಂದ ಒಂದೊಂದಾಗಿ ಹೇಳಿದಳು. ಓಣಿಯ ಇಬ್ಬರು ತನ್ನನ್ನು ಕಾಯುತ್ತಾರೆ, ಸಂತೆಗೆ ಹೋದರೂ ಹಿಂದೆ ಬರುತ್ತಾರೆ ಎಂದಳು. ನಾನು ನಂಬಿದೆ. ಎರಡನೆಯವಳು ತಲೆ ಸಹ ಬಾಚಿರಲಿಲ್ಲ. ಅಳುತ್ತಲೇ ಇದ್ದಳು. ಒಮ್ಮೆ ಮೂರು ಸಲ ಬಂದ ಅಂದಳು, ಮತ್ತೊಮ್ಮೆ ಹತ್ತು ಸಲ ಅಂದಳು. ಜೊತೆಗಿದ್ದ ಅತ್ತೆ, “ಇಕಿಗೆ ಗಾಳಿ ಬಡದೈತ್ರಿ” ಎಂದರು. ನಾನು ಆಕೆಗೆ “ಚಲೋ ನಿದ್ದಿ ಮಾಡವ್ವಾ” ಎಂದು ಹೇಳಿ ಕಳಿಸಿಬಿಟ್ಟೆ.

ಎರಡರಲ್ಲೂ ನಾನು ತಪ್ಪಿದ್ದೆ. ಮೊದಲನೆಯವಳದು ಕಾಯಿಲೆ. ಕೆಲವು ವಾರಗಳಲ್ಲಿ ಇಬ್ಬರು ಹೋಗಿ ಇಡೀ ಓಣಿಯೇ ವೈರಿ ಆಯಿತು. ಟಿ.ವಿ.ಯಲ್ಲಿ ತನ್ನ ಸುದ್ದಿಯನ್ನೇ ಹೇಳುತ್ತಾರೆ ಎಂದಳು. ಕೊನೆಗೆ ವಿಷ ಹಾಕಿದ್ದಾರೆಂದು ಹೆತ್ತ ತಾಯಿ ಕೊಟ್ಟ ರೊಟ್ಟಿಯನ್ನೂ ಮುಟ್ಟಲಿಲ್ಲ. ಎರಡನೆಯವಳದು ನಿಜ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಒಬ್ಬ ಬೈಕಿನಲ್ಲಿ ದಿನಾಲೂ ಹಿಂಬಾಲಿಸುತ್ತಿದ್ದ. ಆಕೆಯ ಸಂಘದ ಇಬ್ಬರು ಜೊತೆಗೆ ನಡೆದ ದಿನ ಅವನನ್ನು ಕಣ್ಣಾರೆ ಕಂಡರು. ಎಂ.ಎಸ್.ಡಬ್ಲ್ಯು. ಓದಿದ ನಾನು ಸೀರೆ ನೋಡಿ, ಮುಖ ನೋಡಿ ತೀರ್ಮಾನ ಮಾಡಿದ್ದೆ. ಹೆದರಿದವರ ಮಾತು ಅಡ್ಡಾದಿಡ್ಡಿ ಆಗುವುದು ಸಹಜ. ಆಕೆಗೆ ತಿಳಿದಿದ್ದ ಈ ಸಂಗತಿ ನನಗೆ ತಿಳಿಯಲಿಲ್ಲ.

ಅದಕ್ಕೇ ಇವತ್ತು ಹೇಳುವುದು ಒಂದೇ ಮಾತು. ಹೆದರಿಕೆಯನ್ನು ಮೊದಲು ನಂಬಿರಿ, ಕಾರಣವನ್ನು ಆಮೇಲೆ ಹುಡುಕಿರಿ. ನೋಡುವ ಮೊದಲೇ “ಹುಚ್ಚು” ಎಂದೂ ಅನ್ನಬೇಡಿ, “ಅವನೇ” ಎಂದೂ ಅನ್ನಬೇಡಿ.

ನಂಬದಿದ್ದರೆ ಏನಾಗುತ್ತದೆ?

ನಮ್ಮ ಪಕ್ಕದ ಹುಬ್ಬಳ್ಳಿಯ ಸಂಗತಿ ನೆನಪಿಸಿಕೊಳ್ಳಿ. 2024ರ ಏಪ್ರಿಲ್ 18ರಂದು ಒಬ್ಬ ವಿದ್ಯಾರ್ಥಿನಿಯನ್ನು ಕಾಲೇಜಿನ ಆವರಣದಲ್ಲೇ ಕೊಲ್ಲಲಾಯಿತು. ತಿಂಗಳು ಕಳೆಯುವುದರೊಳಗೆ, ಮೇ 15ರ ನಸುಕಿನಲ್ಲಿ, ವೀರಾಪುರ ಓಣಿಯ 20 ವರ್ಷದ ಹುಡುಗಿಯನ್ನು ಮನೆಗೇ ಬಂದು ಕೊಂದರು. ಅವನ ಬೆದರಿಕೆಯನ್ನು ಮೊದಲೇ ಪೊಲೀಸರಿಗೆ ತಿಳಿಸಿದ್ದೆವು, ಅವರು ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರು ಎಂದು ಆಕೆಯ ಮನೆಯವರು ಹೇಳಿದರು. ಒಬ್ಬ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅಮಾನತಾದರು. ಆದರೆ ಹುಡುಗಿ ತಿರುಗಿ ಬರಲಿಲ್ಲ.

ಹೆಣ್ಣುಮಗಳು ಒಲ್ಲೆ ಎಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಅಪರಾಧ. ಆಕೆ ಫೋನು, ಇಂಟರ್ನೆಟ್ ಹೇಗೆ ಬಳಸುತ್ತಾಳೆಂದು ಕದ್ದು ನೋಡುವುದೂ ಅಪರಾಧವೇ. 2013ರಲ್ಲಿ ಇದನ್ನು ಕಾನೂನಿಗೆ ಸೇರಿಸಿದರು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. “ಇದು ನಮ್ಮ ಹದ್ದಿಗೆ ಬರೂದಿಲ್ಲ” ಎಂದು ತಿರುಗಿಸಿ ಕಳಿಸುವಂತಿಲ್ಲ.

ಸಾಲದವರೂ ಬೆನ್ನು ಹತ್ತುತ್ತಾರೆ

ನಿಮ್ಮಲ್ಲಿ ಕೆಲವರು ಮೈಕ್ರೋಫೈನಾನ್ಸ್ ಸಾಲ ತೆಗೆದಿದ್ದೀರಿ. ಕಂತು ತಪ್ಪಿದರೆ ಮನೆ ಮುಂದೆ ಕೂಡುವುದು, ಕೂಲಿ ಮಾಡುವ ಹೊಲದವರೆಗೆ ಬರುವುದು ನಿಮಗೆ ಗೊತ್ತು. ಬಾಗಿಲ ಸಪ್ಪಳಕ್ಕೆ ಎದೆ ಹೊಡೆದುಕೊಳ್ಳುವ ತಾಯಿಗೆ “ನಿನಗ ಸುಮ್ಮ ಹಂಗ ಅನಸ್ತೈತಿ” ಎನ್ನಬೇಡಿ. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಸಾಲ ಪಡೆದವರನ್ನಾಗಲಿ ಅವರ ಮನೆಯವರನ್ನಾಗಲಿ ಹೋದಲ್ಲೆಲ್ಲ ಹಿಂಬಾಲಿಸುವುದನ್ನೂ ಅದರಲ್ಲಿ ಬಲವಂತದ ಕ್ರಮವೆಂದು ಸೇರಿಸಿದ್ದಾರೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೂ ಇದೆ.

ಮನೆಯೊಳಗಿನ ಕಣ್ಣು

ಒಬ್ಬ ತಾಯಿ “ನನ್ನ ಫೋನಿನ್ಯಾಗ ಯಾರೋ ಕೂತು ಕೇಳ್ತಾರ” ಎಂದರೆ ನಗಬೇಡಿ. ಕಾಯಿಲೆಯೂ ಇರಬಹುದು, ನಿಜವೂ ಇರಬಹುದು. ಗಂಡನ ಫೋನಿಗೆ ಹೆಂಡತಿಯ ವಾಟ್ಸ್ಆಪ್ ಜೋಡಿಸಿ ಎಲ್ಲ ಓದಬಹುದು, ಆಕೆ ಎಲ್ಲಿದ್ದಾಳೆಂದು ನಕ್ಷೆಯಲ್ಲಿ ನೋಡಬಹುದು. ವಾಟ್ಸ್ಆಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆಗೆದು, ಗೊತ್ತಿಲ್ಲದ ಯಂತ್ರ ಸೇರಿದೆಯೇ ಎಂದು ತಿಳಿದವರಿಂದ ನೋಡಿಸಿರಿ. ಅಳಿಸುವ ಮೊದಲು ಅದರ ಫೋಟೋ ತೆಗೆದಿಡಿ.

ಕುಡಿತ ವಿಪರೀತವಾದ ಗಂಡಸಿಗೆ ಹೆಂಡತಿಯ ಮೇಲೆ ಸಂಶಯದ ರೋಗ ಬರುವುದುಂಟು. ಅವನ ಸಂಶಯ ಸುಳ್ಳು, ಆದರೆ ಅದರಿಂದ ಆಕೆಯ ಮೇಲೆ ಬೀಳುವ ಕಾವಲು, ಹೊಡೆತ ಎಲ್ಲ ನಿಜ. ಅವನಿಗೆ ಚಿಕಿತ್ಸೆ ಬೇಕು, ಆಕೆಗೆ ರಕ್ಷಣೆ ಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನಿಮ್ಮ ತಾಲೂಕಿನ ಸಿ.ಡಿ.ಪಿ.ಓ. ಅವರೇ ರಕ್ಷಣಾಧಿಕಾರಿ.

ಕಾಯಿಲೆ ಇದ್ದರೆ

ನಮ್ಮ ಕಡೆ ಒಂದು ಕೆಟ್ಟ ಮಾತಿದೆ: “ಇಕಿನ್ನ ಧಾರವಾಡಕ್ಕ ಕಳಸಬೇಕು.” ಬೈಗುಳದಂತೆ ಅನ್ನುತ್ತೇವೆ. ಆದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆದು ಮನೆಗೆ ಬಂದು ಸಂಸಾರ ನಡೆಸುವವರು ಎಷ್ಟೋ ಜನ. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಜಗತ್ತಿನಲ್ಲಿ ಸುಮಾರು 300-350 ಜನರಲ್ಲಿ ಒಬ್ಬರಿಗೆ ಇದೆ. ಯಾರ ಪಾಪದಿಂದಲೂ ಬಂದದ್ದಲ್ಲ. ಮಿದುಳಿನ ಕೆಲಸ ಏರುಪೇರಾದಾಗ ಇಲ್ಲದ ಧ್ವನಿ ಕೇಳುತ್ತದೆ, ಇಲ್ಲದ ಅರ್ಥ ಕಾಣುತ್ತದೆ. ಆಕೆ ಸುಳ್ಳು ಹೇಳುತ್ತಿಲ್ಲ. ಆಕೆಗೆ ಅದು ನಿಜವೇ.

ಬಾಣಂತಿಯ ವಿಷಯದಲ್ಲಿ ಎಚ್ಚರ. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆ ಬಿಟ್ಟು, “ಕೂಸಿನ್ನ ಯಾರೋ ಒಯ್ಯಾಕ ಬಂದಾರ” ಎಂದು ಹಲುಬಿದರೆ ಅದು ಬಾಣಂತಿ ಸನ್ನಿ ಇರಬಹುದು. ಅಂದೇ ಆಸ್ಪತ್ರೆಗೆ ಒಯ್ಯಿರಿ. ಕೂಸಿನ ಜೊತೆ ಒಬ್ಬಳನ್ನೇ ಬಿಡಬೇಡಿ.

ಗುಡ್ಡಕ್ಕೆ ಹೋಗುತ್ತೇವೆ ಎಂದರೆ ಬೇಡ ಎನ್ನುವುದಿಲ್ಲ. ಆದರೆ ಗುಳಿಗೆ ಬಿಡಿಸಬೇಡಿ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಕಾಯ್ದೆಯಂತೆ ಅಪರಾಧ.

ಸಂಘದವರು ನೋಡಬೇಕಾದ ನಾಲ್ಕು ವಿಷಯ

1. ಯಾರು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ? ಗಾಡಿ ನಂಬರು, ಬಂದ ಫೋನು ನಂಬರು ಒಂದು ವಹಿಯಲ್ಲಿ ಬರೆದಿಡಿ. ಈ ವಹಿ ಠಾಣೆಯಲ್ಲೂ ಬೇಕು, ವೈದ್ಯರಲ್ಲೂ ಬೇಕು.

2. ಇಬ್ಬರು ಜೊತೆಗೆ ನಡೆಯಿರಿ. ಬೇರೆಯವರ ಕಣ್ಣಿಗೂ ಕಾಣುತ್ತದೆಯೇ ನೋಡಿರಿ. ಒಂದು ದಿನ ಕಾಣಲಿಲ್ಲವೆಂದು ಸುಳ್ಳು ಎನ್ನಬೇಡಿ. ಹಿಂಬಾಲಿಸುವವನೂ ನಿಮ್ಮನ್ನು ನೋಡಿ ಅಡಗುತ್ತಾನೆ.

3. ಮಾತು ಹಬ್ಬುತ್ತಿದೆಯೇ? ಒಬ್ಬನಿಂದ ಊರಿಗೆ, ಊರಿನಿಂದ ಟಿ.ವಿ.ಗೆ, ಟಿ.ವಿ.ಯಿಂದ ಅನ್ನದ ತಾಟಿಗೆ ಬಂದರೆ ಕಾಯಿಲೆಯ ಗುರುತು ಇರಬಹುದು.

4. ನಿದ್ದೆ, ಊಟ, ಸ್ನಾನ ಬಿಟ್ಟಿದ್ದಾರೆಯೇ? ನಿಜವಾಗಿ ಹೆದರಿದವರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ ಇದೊಂದರಿಂದಲೇ ತೀರ್ಮಾನ ಬೇಡ. ಕಾಯಿಲೆ ಹೌದೋ ಅಲ್ಲವೋ ವೈದ್ಯರು ಹೇಳಲಿ.

ಮಾತನಾಡುವಾಗ ವಾದ ಮಾಡಬೇಡಿ, ಸುಳ್ಳೇ ಹೂಂ ಅನ್ನಲೂ ಬೇಡಿ. “ನನಗ ಆ ಧ್ವನಿ ಕೇಳವಲ್ತು ತಂಗಿ, ಆದ್ರ ನಿನಗ ಹೆದರಿಕಿ ಆಗೈತಿ ಅನ್ನೂದು ಕಾಣಸ್ತೈತಿ. ನಾ ನಿನ್ನ ಜೋಡಿ ಬರ್ತೀನಿ” ಎನ್ನಿರಿ. ಈ ಮಾತು ಇಬ್ಬರಿಗೂ ಸಲ್ಲುತ್ತದೆ. ಕೇಳಿದ್ದನ್ನು ನಳದ ಹತ್ತಿರ ಹೇಳಬೇಡಿ.

ಒಂದು ಮಾತು ಮರೆಯಬಾರದು. ಕಾಯಿಲೆ ಇದ್ದವರಿಗೂ ನಿಜವಾದ ಕಾಟ ಇರಬಹುದು. “ಆಕಿ ಹುಚ್ಚಿ, ಆಕಿ ಮಾತು ಯಾರು ನಂಬ್ತಾರ?” ಎಂದು ಧೈರ್ಯ ಮಾಡುವ ಕೆಟ್ಟವರಿದ್ದಾರೆ. ಕಾಟ ಅನುಭವಿಸಿದವರಿಗೆ, ಅವನು ಜೈಲಿಗೆ ಹೋದ ಮೇಲೂ, ಬೈಕಿನ ಸಪ್ಪಳಕ್ಕೆ ನಡುಕ ಬರಬಹುದು. ಅವರಿಗೂ ವೈದ್ಯರ ಸಹಾಯ ಬೇಕು.

ನಾನು ಹೇಳಿದ ಇಬ್ಬರಲ್ಲಿ ಮೊದಲನೆಯವಳು ಈಗ ಗುಳಿಗೆ ತೆಗೆದುಕೊಂಡು ಹೊಲಿಗೆ ಕೆಲಸ ಮಾಡುತ್ತಾಳೆ. ಎರಡನೆಯವಳ ಸಂಘದ ಹತ್ತು ಜನ ಠಾಣೆಗೆ ಹೋಗಿ ದೂರು ಕೊಟ್ಟರು. ಬೈಕು ಬರುವುದು ನಿಂತಿತು. ಆಕೆ ಇಂದಿಗೂ ನನ್ನನ್ನು ಕಂಡರೆ, “ಸಿಸ್ಟರ್, ನೀವು ಆವತ್ತು ನನ್ನ ನಂಬಲಿಲ್ಲ” ಎನ್ನುತ್ತಾಳೆ. ಆ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.

ಮುಂದಿನ ವಾರದ ಸಭೆಯಲ್ಲಿ ನಿಮ್ಮ ಠರಾವು ಪುಸ್ತಕದಲ್ಲಿ ಹೀಗೆ ಬರೆಯಿರಿ: “ನಮ್ಮ ಸಂಘದ ಯಾರೇ ಹೆದರಿಕೆ ಇದೆ ಎಂದರೆ, ಇಬ್ಬರು ಸದಸ್ಯೆಯರು ಆ ದಿನವೇ ಅವರ ಮನೆಗೆ ಹೋಗುವುದು.” ಎಲ್ಲರೂ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿರಿ. ಕೆಳಗಿನ ನಂಬರುಗಳನ್ನು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ.

ತುರ್ತು ಪೊಲೀಸ್ ಸಹಾಯ: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100
ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್: 14416 (ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ)

ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಅದನ್ನೂ ಬರೆದುಕೊಳ್ಳಿ.