ಪುಟ್ಟ ಕಾರಿನ ತೂಕ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಗಾಡಿ ಹೊಡೆದ ಹಿರಿಯರನ್ನು ಕೇಳಿ: ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ; ಹಿಂದಾದರೆ ನೊಗವೇ ಮೇಲೇಳುತ್ತದೆ. ರೇಡಿಯೋ ಅಲೆಯ ಅಪ್ಪಣೆಯಂತೆ ಓಡುವ ಪಂದ್ಯದ ಪುಟ್ಟ ಕಾರಿಗೂ ಇದೇ ನ್ಯಾಯ.

ಚಪ್ಪಟೆ ಹಲಗೆಯ ಮೇಲೆ ಕಟ್ಟಿದ ಇದಕ್ಕೆ ಪ್ಯಾನ್ ಕಾರೆಂದು ಹೆಸರು. ಇದರಲ್ಲೊಂದು ಬಗೆ ನಿಜವಾದ ಕಾರಿನ 12ನೆಯ ಒಂದು ಪಾಲಿನಷ್ಟು. ನೂಕುವುದು ಹಿಂದಿನ ಗಾಲಿಗಳು ಮಾತ್ರ. ತಿರುವಿನಲ್ಲಿ ಬಾಲ ಜಾರಿದರೆ ಬ್ಯಾಟರಿಯನ್ನು ಕೊಂಚ ಹಿಂದಕ್ಕೆ ಸರಿಸಿ, ಇಲ್ಲವೆ ಹಿಂದಕ್ಕೆ ಮೆದುವಾದ ಟೈರು ಹಾಕಿ. ಮೂತಿ ತಿರುಗದೆ ನೆಟ್ಟಗೆ ನುಗ್ಗಿದರೆ ಬ್ಯಾಟರಿ ಮುಂದಕ್ಕೆ ಬರಲಿ.

ಇದಕ್ಕೆಲ್ಲ ಮೊದಲು ಎಡ ಬಲದ ತೂಕ ಸಮವಿದೆಯೇ ನೋಡಬೇಕು. ಇಲ್ಲದಿದ್ದರೆ ಎಡಕ್ಕೊಂದು ನಡೆ, ಬಲಕ್ಕೊಂದು ನಡೆ.

ಒಮ್ಮೆಗೆ ಒಂದನ್ನೇ ಬದಲಿಸಿ, ಬರೆದಿಡಿ. ಎರಡನ್ನು ಬದಲಿಸಿದವನಿಗೆ ಕಾರು ಸರಿಹೋದರೂ ಕಾರಣ ತಿಳಿಯದು. ಮುಂದಿನ ಪಂದ್ಯಕ್ಕೆ ಮತ್ತೆ ಮೊದಲಿನಿಂದಲೇ ಹುಡುಕಾಟ.