ಫ್ಯಾನ್ ತಿರುಗದಿದ್ದರೆ ಮೋಟಾರೇ ಹೋಗಿರಬೇಕೆಂದಿಲ್ಲ

ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ



ಹೋದ ತಿಂಗಳು ಇದೇ ವೇದಿಕೆಯಲ್ಲಿ ಸಿರಿಧಾನ್ಯದ ಅಡುಗೆಯಾಯಿತು. ಈ ತಿಂಗಳು ಕಾರಿನ ಬಾನೆಟ್ ಎತ್ತೋಣ ಅಂದಾಗ ಕೆಲವರು ನಕ್ಕರು. ಇರಲಿ. ಇಲ್ಲಿ ಸ್ವತಃ ಕಾರು ಓಡಿಸುವವರು ಎಷ್ಟು ಜನ, ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು! ಸರಿ, ಬಾನೆಟ್ ಒಳಗಿನ ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಅಂತ ಗೊತ್ತಿರುವವರು? ನೋಡಿದಿರಾ, ಎಷ್ಟು ಕೈ ಇಳಿದವು.

ಇಡೀ ಕಾರಿನ ವಿಷಯ ಹೇಳಲು ಹೊರಟಿಲ್ಲ. ಒಂದೇ ಒಂದು ವಸ್ತು, ರೇಡಿಯೇಟರ್ ಫ್ಯಾನ್. ಮುಂಬೈಯಲ್ಲಿ ಕಾರು ಓಡಿಸುವವರಿಗೆ ಇದರಷ್ಟು ಮುಖ್ಯವಾದದ್ದು ಕಡಿಮೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ, ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ಘೋಡ್‌ಬಂದರ್ ರಸ್ತೆಯಲ್ಲಿ ಅರ್ಧ ಗಂಟೆ ಆಮೆಯ ಹಾಗೆ ತೆವಳುವಾಗ, ಖಂಡಾಲ ಘಾಟಿನಲ್ಲಿ ಲಾರಿಗಳ ಹಿಂದೆ ನಿಂತಾಗ, ಆಗ ಅದೇ ಗತಿ. ಅದು ತಿರುಗದಿದ್ದರೆ ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಆಮೇಲೆ ಬಿಲ್ಲು ಹತ್ತಾರು ಸಾವಿರ.

ಮುನ್ಸೂಚನೆ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಏಸಿ ಬೆಚ್ಚಗಿನ ಗಾಳಿ ಊದುತ್ತದೆ, ಕಾರು ಓಡಿದ ಕೂಡಲೇ ಮತ್ತೆ ತಂಪು. ಬಹಳ ಜನ ಏಸಿ ಗ್ಯಾಸ್ ಮುಗಿದಿದೆ ಎಂದುಕೊಳ್ಳುತ್ತಾರೆ. ಏಸಿಯ ಕಂಡೆನ್ಸರ್ ಇರುವುದು ರೇಡಿಯೇಟರಿನ ಎದುರಿಗೇ, ಸಾಮಾನ್ಯವಾಗಿ ಎರಡಕ್ಕೂ ಗಾಳಿ ಎಳೆಯುವುದು ಇದೇ ಫ್ಯಾನ್. ಹಾಗಾಗಿ ಮೊದಲ ಅನುಮಾನ ಫ್ಯಾನಿನ ಮೇಲಿರಲಿ. ಈಗಿನ ಎಷ್ಟೋ ಕಾರುಗಳಲ್ಲಿ ಉಷ್ಣತೆಯ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತಿದಾಗಲೇ ತಿಳಿಯುವುದು.

ಆ ದೀಪ ಹತ್ತಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಮೇ ತಿಂಗಳಲ್ಲಿ ಇದು ಹುಚ್ಚಾಟ ಅನ್ನಿಸೀತು, ಆದರೆ ಎಂಜಿನ್ನಿನ ಬಿಸಿಯನ್ನು ಹೀಟರ್ ಒಳಗಿಂದ ಎಳೆದುಕೊಳ್ಳುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಲೇಬೇಡಿ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ನಾವ್ಯಾರಾದರೂ ತೆಗೆಯುತ್ತೇವೆಯೇ? ಇದೂ ಅದೇ. ಪೂರ್ತಿ ಆರಬೇಕು.

ಇನ್ನು ವಿದ್ಯುತ್ತಿನ ದಾರಿ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ, ರಿಲೇ ದಾಟಿ, ಮೋಟಾರಿಗೆ ಬಂದು, ಅರ್ಥಿಂಗ್ ತಂತಿಯ ಮೂಲಕ ಬಾಡಿಗೆ ಸೇರಿ ಮರಳಿ ಬ್ಯಾಟರಿಗೆ. ಒಂದು ಸುತ್ತು, ಅಷ್ಟೇ. ನೀರು ಎಷ್ಟು ಬಿಸಿಯಾಗಿದೆ ಎಂದು ಸೆನ್ಸರ್ ಹೇಳುತ್ತದೆ, ಅದನ್ನು ಕೇಳಿ ಕಾರಿನ ಕಂಪ್ಯೂಟರ್ ರಿಲೇಗೆ ಅಪ್ಪಣೆ ಕೊಡುತ್ತದೆ. ಫ್ಯಾನ್ ತಿರುಗಲಿಲ್ಲ ಎಂದರೆ ಈ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಅದು ಮೋಟಾರೇ ಆಗಿರಬೇಕೆಂದಿಲ್ಲ.

ಎಂಜಿನ್ ತಣ್ಣಗಿರುವಾಗ ಮೊದಲು ಕೂಲಂಟ್ ಮಟ್ಟ ನೋಡಿ. ಕೂಲಂಟ್ ಇಳಿದಿದ್ದರೆ ಸೆನ್ಸರ್ ನೀರಿನ ಬದಲು ಗಾಳಿಯಲ್ಲಿರುತ್ತದೆ, ಸುಳ್ಳು ಲೆಕ್ಕ ಕೊಡುತ್ತದೆ. ಆಮೇಲೆ ಎಂಜಿನ್ ಶುರು ಮಾಡಿ ಏಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಏಸಿ ಹಾಕಿದಾಗ ತಿರುಗಿ, ಎಂಜಿನ್ ಬಿಸಿಯಾದಾಗ ಮಾತ್ರ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ, ಸೆನ್ಸರಿನ ಕಡೆ ನೋಡಬೇಕು. ಈ ಒಂದು ಪರೀಕ್ಷೆಗೆ ಸಾಮಾನು ಬೇಡ, ಖರ್ಚಿಲ್ಲ.

ಏಸಿಗೂ ತಿರುಗಲಿಲ್ಲವೆಂದರೆ ಎಂಜಿನ್ ಬಂದ್ ಮಾಡಿ ಫ್ಯೂಸ್ ನೋಡಿ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಚಿತ್ರ ಇರುತ್ತದೆ. ಫ್ಯಾನಿನದು ದೊಡ್ಡ ಫ್ಯೂಸ್, ಹೆಚ್ಚಾಗಿ 30 ಅಥವಾ 40 ಆಂಪಿಯರ್. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ತಂತಿ ಸುಡುತ್ತದೆ. ಹೊಸದೂ ಸುಟ್ಟರೆ ಮೋಟಾರ್ ಜಾಮ್ ಆಗಿದೆ, ಇಲ್ಲವೇ ಎಲ್ಲೋ ತಂತಿ ಸವೆದು ಬಾಡಿಗೆ ತಾಗಿದೆ. ಮಳೆಗಾಲದಲ್ಲಿ ನಮ್ಮ ಸೊಸೈಟಿಗಳ ಇಲಿಗಳನ್ನು ಮರೆಯಬೇಡಿ, ಬೆಚ್ಚಗಿನ ಬಾನೆಟ್ ಅವುಗಳ ತವರುಮನೆ.

ನಂತರ ರಿಲೇ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಬಹಳಷ್ಟು ಕಾರುಗಳಲ್ಲಿ ಇರುತ್ತದೆ, ಕೆಲವೊಮ್ಮೆ ಹಾರ್ನಿನದು. ಎರಡನ್ನೂ ಅದಲು ಬದಲು ಮಾಡಿ. ಫ್ಯಾನ್ ತಿರುಗಿ ಹಾರ್ನ್ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಇದಕ್ಕಿಂತ ಸುಲಭದ ಪರೀಕ್ಷೆ ಇಡೀ ಕಾರಿನಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ.

ಕೊನೆಗೆ ಮಲ್ಟಿಮೀಟರ್. ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಏಸಿ ಹಾಕಿ, ಮೋಟಾರಿನ ಕನೆಕ್ಟರ್ ಬಿಚ್ಚದೆ ಹಿಂಬದಿಯಿಂದ ಎರಡು ಕಡ್ಡಿ ತಾಗಿಸಿ. 12 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಿಯೂ ಫ್ಯಾನ್ ನಿಂತೇ ಇದ್ದರೆ, ಮೋಟಾರ್ ಹೋಗಿದೆ, ಒಪ್ಪಿಕೊಳ್ಳಿ. ತೋರಿಸದಿದ್ದರೆ ಕೆಂಪು ಕಡ್ಡಿ ಪಾಸಿಟಿವ್ ತಂತಿಯಲ್ಲೇ ಇರಲಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಇಡಿ. ಈಗ 12 ಬಂತೇ? ಹಾಗಾದರೆ ಅರ್ಥಿಂಗ್ ಕೆಟ್ಟಿದೆ. ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ ಇದು ಮಾಮೂಲಿ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದರೆ ಮುಗಿಯಿತು. ಇನ್ನೂ ಸೊನ್ನೆಯೇ ಎಂದರೆ ಕರೆಂಟು ಹಿಂದೆಲ್ಲೋ ನಿಂತಿದೆ.

ನನ್ನ ನಾದಿನಿಯ ಕಾರಿನಲ್ಲಿ ಆದದ್ದು ಇದೇ ಅರ್ಥಿಂಗ್. ಒಂದು ಗ್ಯಾರೇಜಿನವರು ಮೀಟರ್ ಹಿಡಿಯದೆ ಹೊಸ ಮೋಟಾರ್ ಹಾಕಿ ದುಡ್ಡು ತೆಗೆದುಕೊಂಡರು. ವಾರದಲ್ಲಿ ಅದೂ ನಿಂತಿತು. ಕೇಳಿದರೆ, "ಮೇಡಂ, ಸಾಹೇಬರನ್ನು ಕಳಿಸಿ, ಅವರಿಗೆ ಹೇಳುತ್ತೇವೆ" ಎಂದರಂತೆ. ಆಕೆಗೆ ಹೋದ ದುಡ್ಡಿಗಿಂತ ಈ ಮಾತೇ ಹೆಚ್ಚು ಚುಚ್ಚಿತು.

ಇನ್ನೊಂದು ಮಾತು ಕೇಳಿಸುತ್ತದೆ: "ಫ್ಯಾನ್ ಡೈರೆಕ್ಟ್ ಕರ್ ದೇತಾ ಹೂಂ." ಬ್ಯಾಟರಿಯಿಂದ ನೇರ ತಂತಿ ಎಳೆದು ಕೊಡುವುದು. ಅದರಲ್ಲಿ ಬಹಳ ಸಲ ಫ್ಯೂಸೇ ಇರುವುದಿಲ್ಲ, ತಂತಿ ತಾಗಿದರೆ ಬೆಂಕಿ. ಘಾಟಿನಲ್ಲಿ ಸಿಕ್ಕಿಕೊಂಡಾಗ ಗ್ಯಾರೇಜ್ ತಲುಪುವ ಮಟ್ಟಿಗೆ, ಫ್ಯೂಸ್ ಸೇರಿಸಿ, ಆಗಬಹುದು. ಅದನ್ನೇ ರಿಪೇರಿ ಎಂದರೆ ಒಪ್ಪಬೇಡಿ.

ಎಚ್ಚರಿಕೆ: ಕೀಲಿ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ತಟ್ಟನೆ ಶುರುವಾಗುತ್ತದೆ. ಸೆರಗು, ದುಪಟ್ಟಾ, ಜಡೆ ಕಟ್ಟಿಕೊಂಡೇ ಬಗ್ಗಿ, ರೆಕ್ಕೆಗಳ ಹತ್ತಿರ ಬೆರಳು ಬೇಡ.

ಗ್ಯಾರೇಜಿಗೆ ಹೋದಾಗ ಇಷ್ಟು ಕೇಳಿ: ಮೋಟಾರಿನ ಹತ್ತಿರ ವೋಲ್ಟೇಜ್ ಎಷ್ಟು ಬಂತು? ಅರ್ಥಿಂಗ್ ನೋಡಿದಿರಾ? ಹಳೆಯ ಮೋಟಾರ್ ನನಗೆ ವಾಪಸ್ ಕೊಡಿ. ಯಾರೂ ಸಾಹೇಬರನ್ನು ಕರೆಯುವುದಿಲ್ಲ.

ಕೆಳಗೆ ಪಾರ್ಕಿಂಗಿನಲ್ಲಿ ಮೂರು ಕಾರು ನಿಲ್ಲಿಸಿಕೊಂಡಿದ್ದೇವೆ. ಎರಡು ಮೀಟರ್ ತಂದಿದ್ದೇನೆ. ಚಹಾ ಆದ ಮೇಲೆ ಬನ್ನಿ, ಫ್ಯೂಸ್ ಪೆಟ್ಟಿಗೆಯಿಂದಲೇ ಶುರು ಮಾಡೋಣ.